ಗವರ್ನರ್ ನಿಕೋಲ್ಸ್ ಸಹಿ ಹಾಕಿದ್ದು, ಹಾಕದೆ ಬಿಟ್ಟದ್ದು

1890ರ ಜುಲೈ ತಿಂಗಳಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಗವರ್ನರ್ ಫ್ರಾನ್ಸಿಸ್ ನಿಕೋಲ್ಸ್ ಅವರ ಮುಂದೆ ಎರಡು ಮಸೂದೆಗಳು ಬಂದವು. ಒಂದು, ಲಾಟರಿ ಕಂಪನಿಗೆ ಇನ್ನೂ 25 ವರ್ಷ ಪರವಾನಗಿ ಕೊಡುವ ಮಸೂದೆ. ಬದಲಿಗೆ ಕಂಪನಿ ವರ್ಷಕ್ಕೆ ಹನ್ನೆರಡೂವರೆ ಲಕ್ಷ ಡಾಲರ್ ಕೊಡಲು ಸಿದ್ಧವಿತ್ತು. ನಿಕೋಲ್ಸ್ ಅದನ್ನು ವಾಪಸ್ ಕಳಿಸಿದರು. ಎರಡನೆಯದು, ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಬೋಗಿ ಇರಬೇಕೆನ್ನುವ ಮಸೂದೆ. ಅದಕ್ಕೆ ಜುಲೈ 10ರಂದು ಸಹಿ ಹಾಕಿದರು. ಆ ಸಹಿಯಿಂದ ಹುಟ್ಟಿದ ಮೊಕದ್ದಮೆಯ ತೀರ್ಪು ಮುಂದೆ 58 ವರ್ಷ ಅಮೆರಿಕದಲ್ಲಿ ಜನಾಂಗ ಪ್ರತ್ಯೇಕತೆಗೆ ಕಾನೂನಿನ ಆಸರೆಯಾಯಿತು.

ಲಂಚಕ್ಕೆ ಜಗ್ಗದ ಮನುಷ್ಯ ಇಂಥ ಕಾಯ್ದೆಗೆ ಹೇಗೆ ಸಹಿ ಹಾಕಿದ ಎಂಬ ಪ್ರಶ್ನೆ ಇಂದಿನ ಓದುಗರಿಗೆ ಸಹಜವಾಗಿ ಬರುತ್ತದೆ. ಆದರೆ ಅವರ ಲೆಕ್ಕದಲ್ಲಿ ಇವೆರಡರ ನಡುವೆ ವಿರೋಧವೇ ಇರಲಿಲ್ಲ. ‘ರಾಜ್ಯದ ಮಾನ’ ಅವರಿಗೆ ಪ್ರಾಣಕ್ಕಿಂತ ದೊಡ್ಡದು. ಆ ರಾಜ್ಯ ಯಾರದು ಎಂಬ ಪ್ರಶ್ನೆಗೆ ಮಾತ್ರ ಅವರ ಉತ್ತರ ಮೊದಲೇ ತೀರ್ಮಾನವಾಗಿತ್ತು: ಬಿಳಿಯರದು. ಸೈನಿಕ, ವಕೀಲ, ಗವರ್ನರ್, ಮುಖ್ಯ ನ್ಯಾಯಮೂರ್ತಿ ಎಂಬ ನಾಲ್ಕೂ ಪಾತ್ರಗಳಲ್ಲಿ ಇದೇ ಎಳೆ ಓಡುತ್ತದೆ.

ಮೊದಲೇ ಒಂದು ಸ್ಪಷ್ಟನೆ. ಗವರ್ನರ್ ಎಂದರೆ ನಮ್ಮ ರಾಜಭವನದ ರಾಜ್ಯಪಾಲರಲ್ಲ. ಅಮೆರಿಕದಲ್ಲಿ ರಾಜ್ಯದ ಜನ ಗವರ್ನರನ್ನು ನೇರವಾಗಿ ಚುನಾಯಿಸುತ್ತಾರೆ. ಆಡಳಿತ ನಡೆಸುವುದು ಅವರೇ, ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಶಾಸನಸಭೆ ಒಪ್ಪಿದ ಮಸೂದೆಯನ್ನು ವೀಟೊ ಮಾಡುವ ಹಕ್ಕೂ ಅವರಿಗಿದೆ. ಲೂಸಿಯಾನದಲ್ಲಿ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಮತ್ತೆ ಒಪ್ಪಿದರಷ್ಟೇ ಆ ವೀಟೊ ಬಿದ್ದುಹೋಗುತ್ತದೆ. ಲಾಟರಿ ಕಥೆ ನಿಂತಿರುವುದು ಈ ನಿಯಮದ ಮೇಲೆಯೇ.

ನಿಕೋಲ್ಸ್ ಹುಟ್ಟಿದ್ದು 1834ರ ಆಗಸ್ಟ್ 20ರಂದು, ಮಿಸಿಸಿಪಿ ನದಿಯ ದಂಡೆಯ ಡೊನಾಲ್ಡ್‌ಸನ್‌ವಿಲ್ ಎಂಬ ಊರಿನಲ್ಲಿ. ತಂದೆ ನ್ಯಾಯಾಧೀಶರು. ಸುತ್ತಲೂ ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ಕಬ್ಬಿನ ತೋಟಗಳು. ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ 1855ರಲ್ಲಿ ಪದವಿ ಪಡೆದು, ಫ್ಲಾರಿಡಾದಲ್ಲಿ ಸೆಮಿನೋಲ್ ಮೂಲನಿವಾಸಿಗಳ ವಿರುದ್ಧದ ಯುದ್ಧದಲ್ಲಿ ಸ್ವಲ್ಪ ಕಾಲ ಇದ್ದರು. ಮರುವರ್ಷವೇ ಸೇನೆಗೆ ರಾಜೀನಾಮೆ ಕೊಟ್ಟು ಕಾನೂನು ಓದಿ, ನೆಪೋಲಿಯನ್‌ವಿಲ್ ಎಂಬಲ್ಲಿ ವಕೀಲಿಕೆ ಹಿಡಿದರು.

1861ರಲ್ಲಿ ಅಂತರ್ಯುದ್ಧ ಶುರುವಾದಾಗ ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳ ಪರ, 8ನೇ ಲೂಸಿಯಾನ ಪದಾತಿ ದಳದ ಅಧಿಕಾರಿಯಾಗಿ ಹೊರಟರು. 1862ರ ಮೇ 25ರಂದು ವರ್ಜೀನಿಯಾದ ವಿಂಚೆಸ್ಟರ್ ಕದನದಲ್ಲಿ ಎಡಗೈಗೆ ಗುಂಡು ಬಿತ್ತು. ಆ ಕಾಲದ ಮಿನಿಯೇ ಗುಂಡು ಮೆತ್ತನೆಯ ಸೀಸದ್ದು. ಎಲುಬಿಗೆ ತಾಗಿದರೆ ತೂತು ಮಾಡಿ ಆಚೆ ಹೋಗುವುದಿಲ್ಲ, ಚಪ್ಪಟೆಯಾಗಿ ಎಲುಬನ್ನು ನುಚ್ಚುನೂರು ಮಾಡುತ್ತದೆ. ಬಟ್ಟೆಯ ಚೂರು, ಕೊಳೆ ಎಲ್ಲ ಒಳಗೆ ಸೇರುತ್ತವೆ. ಗಾಯ ಕೀವಾಗುವುದನ್ನು ತಡೆಯುವ ಮದ್ದು ಯಾರ ಬಳಿಯೂ ಇರಲಿಲ್ಲ. ಹಾಗಾಗಿ ಒಂದೆರಡು ದಿನದೊಳಗೆ ಅಂಗವನ್ನೇ ಕತ್ತರಿಸುವುದು ಜೀವ ಉಳಿಸುವ ದಾರಿಯಾಗಿತ್ತು. ನಿಕೋಲ್ಸ್ ಅವರ ಎಡಗೈ ಹೀಗೆ ಹೋಯಿತು. ಸೇನೆ ಹಿಂದೆ ಸರಿದಾಗ ಅವರನ್ನು ಸಾಗಿಸಲಾಗದೆ ಅಲ್ಲೇ ಬಿಡಬೇಕಾಯಿತು, ಶತ್ರುಗಳ ಕೈಗೆ ಸಿಕ್ಕರು. ಕೈದಿಗಳ ವಿನಿಮಯದಲ್ಲಿ ಹೊರಬಂದು ಅದೇ ವರ್ಷ ಅಕ್ಟೋಬರಿನಲ್ಲಿ ಬ್ರಿಗೇಡಿಯರ್ ಜನರಲ್ ಆದರು. 1863ರ ಮೇ ತಿಂಗಳಲ್ಲಿ ಚಾನ್ಸಲರ್ಸ್‌ವಿಲ್ ಕದನದಲ್ಲಿ ಫಿರಂಗಿ ಗುಂಡೊಂದು ಅವರ ಕುದುರೆಯನ್ನು ಸೀಳಿಕೊಂಡು ಬಂದು ಎಡಪಾದವನ್ನು ಕಿತ್ತುಕೊಂಡು ಹೋಯಿತು. ಆಮೇಲೆ ಅವರು ರಣರಂಗಕ್ಕೆ ಹೋಗಲಿಲ್ಲ, ಹಿಂಭಾಗದ ಆಡಳಿತದ ಹುದ್ದೆಗಳಲ್ಲಿದ್ದರು.

ಈ ಗಾಯಗಳು ಮುಂದೆ ಅವರ ರಾಜಕೀಯ ಬಂಡವಾಳವಾದವು. 1876ರಲ್ಲಿ ಡೆಮಾಕ್ರಟಿಕ್ ಪಕ್ಷ ಅವರನ್ನು ಗವರ್ನರ್ ಅಭ್ಯರ್ಥಿಯಾಗಿ ಮುಂದೆ ತಂದಾಗ ‘ನಿಕೋಲ್ಸ್ ಅವರಲ್ಲಿ ಉಳಿದಿರುವಷ್ಟೂ ನಮ್ಮ ಅಭ್ಯರ್ಥಿ’ ಎಂಬ ಮಾತು ರಾಜ್ಯದ ತುಂಬ ಹರಡಿತು. ಸೋತ ಯುದ್ಧದ ನೆನಪಿನಲ್ಲೇ ಬದುಕುತ್ತಿದ್ದ ಬಿಳಿಯ ಮತದಾರರಿಗೆ ಅವರ ಖಾಲಿ ತೋಳೇ ದೊಡ್ಡ ಭಾಷಣವಾಗಿತ್ತು.

1876ರ ಚುನಾವಣೆ ಗೊಂದಲಮಯವಾದದ್ದು, ಪುಸ್ತಕಗಳಲ್ಲಿ ಇದನ್ನು ಬೇಗ ದಾಟಿಬಿಡುತ್ತಾರೆ. ಯುದ್ಧದ ನಂತರ ಗುಲಾಮಗಿರಿ ಹೋಯಿತು, ಸಂವಿಧಾನದ 14ನೇ ತಿದ್ದುಪಡಿಯಿಂದ ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ ಬಂತು, 15ನೇ ತಿದ್ದುಪಡಿಯಿಂದ ಕಪ್ಪು ಗಂಡಸರಿಗೆ ಮತದ ಹಕ್ಕು ಬಂತು. ಲೂಸಿಯಾನದಲ್ಲಿ ಕಪ್ಪು ಮತದಾರರ ಬಲದಿಂದ ರಿಪಬ್ಲಿಕನ್ ಸರಕಾರ ನಡೆಯುತ್ತಿತ್ತು. ಇದನ್ನು ಒಪ್ಪದ ಬಿಳಿಯರು 1874ರಲ್ಲಿ ವೈಟ್ ಲೀಗ್ ಎಂಬ ಶಸ್ತ್ರಸಜ್ಜಿತ ಪಡೆ ಕಟ್ಟಿದರು. ಆ ವರ್ಷದ ಸೆಪ್ಟೆಂಬರಿನಲ್ಲಿ ನ್ಯೂ ಆರ್ಲಿಯನ್ಸಿನ ಬೀದಿಯಲ್ಲೇ ಪೊಲೀಸರನ್ನು ಸೋಲಿಸಿ ಕೆಲವು ದಿನ ಸರಕಾರವನ್ನು ಕೆಳಗಿಳಿಸಿದ್ದರು. ಕೇಂದ್ರ ಸೇನೆ ಬಂದ ಮೇಲಷ್ಟೇ ಅದು ಮತ್ತೆ ಕುಳಿತದ್ದು.

ಇಂಥ ರಾಜ್ಯದಲ್ಲಿ ಮತ ಎಣಿಸುವವರು ಯಾರು? ರಿಪಬ್ಲಿಕನ್ನರು ಇದಕ್ಕೆಂದೇ ‘ರಿಟರ್ನಿಂಗ್ ಬೋರ್ಡ್’ ಎಂಬ ಮಂಡಳಿ ಮಾಡಿದ್ದರು. ಹಿಂಸೆ, ಬೆದರಿಕೆ ನಡೆದಿದೆ ಎಂದು ಸಾಬೀತಾದರೆ ಇಡೀ ಮತಗಟ್ಟೆಯ ಮತಗಳನ್ನೇ ತಿರಸ್ಕರಿಸುವ ಅಧಿಕಾರ ಅದಕ್ಕಿತ್ತು. ಐದು ಜನ ಇರಬೇಕಿದ್ದ ಆ ಮಂಡಳಿಯಲ್ಲಿ 1876ರಲ್ಲಿ ಇದ್ದವರು ನಾಲ್ವರು, ನಾಲ್ವರೂ ರಿಪಬ್ಲಿಕನ್ನರು. ಖಾಲಿ ಜಾಗಕ್ಕೆ ಡೆಮಾಕ್ರಟ್ ಒಬ್ಬರನ್ನು ಸೇರಿಸಿಕೊಳ್ಳಲೇ ಇಲ್ಲ. ಮೊದಲ ಎಣಿಕೆಯಲ್ಲಿ ನಿಕೋಲ್ಸ್ ತಮ್ಮ ಎದುರಾಳಿ ಸ್ಟೀಫನ್ ಪ್ಯಾಕರ್ಡ್ ಅವರಿಗಿಂತ ಸುಮಾರು 8,000 ಮತ ಮುಂದಿದ್ದರು. ಮಂಡಳಿ ಸುಮಾರು 15,000 ಮತಗಳನ್ನು ತೆಗೆದುಹಾಕಿತು. ಅದರಲ್ಲಿ ಬಹುಪಾಲು ಡೆಮಾಕ್ರಟರವು. ಗೆದ್ದವರು ಪ್ಯಾಕರ್ಡ್ ಎಂದು ಘೋಷಣೆಯಾಯಿತು.

ಇಲ್ಲಿ ಯಾರ ಕಡೆ ನ್ಯಾಯ ಎಂದು ತಕ್ಷಣ ಹೇಳುವವರು ಅರ್ಧ ಲೆಕ್ಕವನ್ನಷ್ಟೇ ನೋಡಿರುತ್ತಾರೆ. ಮಂಡಳಿ ಪಕ್ಷಪಾತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ 8,000 ಮತಗಳ ಮುನ್ನಡೆ ಬಂದದ್ದಾದರೂ ಹೇಗೆ? ಈಸ್ಟ್ ಫೆಲಿಸಿಯಾನ ಎಂಬ ಪ್ಯಾರಿಷ್ (ಲೂಸಿಯಾನದಲ್ಲಿ ಜಿಲ್ಲೆಗೆ ಪ್ಯಾರಿಷ್ ಎನ್ನುತ್ತಾರೆ) ನೋಡಿ. ಎರಡು ವರ್ಷ ಹಿಂದೆ ಅಲ್ಲಿ ರಿಪಬ್ಲಿಕನ್ನರಿಗೆ ಸಾವಿರಕ್ಕೂ ಹೆಚ್ಚು ಮತ ಬಿದ್ದಿದ್ದವು. 1876ರಲ್ಲಿ ಒಂದು ಮತವೂ ಲೆಕ್ಕಕ್ಕೆ ಬರಲಿಲ್ಲ. ರಾತ್ರಿ ಹೊತ್ತು ಕುದುರೆ ಏರಿ ಬಂದು ಹೊಡೆದು ಬಡಿದು ಕೊಂದು ಮತಗಟ್ಟೆಯಿಂದ ದೂರ ಇಟ್ಟದ್ದರ ಫಲ ಅದು. ಮತಪೆಟ್ಟಿಗೆ ತುಂಬುವ ಮುಂಚೆ ಒಂದು ಪಕ್ಷ ಮೋಸ ಮಾಡಿತು, ತುಂಬಿದ ಮೇಲೆ ಇನ್ನೊಂದು ಪಕ್ಷ ಕೈ ಹಾಕಿತು. ನಿಕೋಲ್ಸ್ ವೈಯಕ್ತಿಕವಾಗಿ ಸಂಯಮದ ಮಾತಾಡುತ್ತಿದ್ದರು ನಿಜ. ಆದರೆ ಅವರನ್ನು ಗೆಲ್ಲಿಸಿದ ವ್ಯವಸ್ಥೆಯಲ್ಲಿ ಸಂಯಮ ಇರಲಿಲ್ಲ.

1877ರ ಜನವರಿ 8ರಂದು ಒಂದೇ ನಗರದಲ್ಲಿ ಇಬ್ಬರೂ ಗವರ್ನರ್ ಎಂದು ಪ್ರಮಾಣವಚನ ತೆಗೆದುಕೊಂಡರು. ಪ್ಯಾಕರ್ಡ್ ಆಗಿನ ಸರಕಾರಿ ಕಟ್ಟಡವಾಗಿದ್ದ ಹಳೆಯ ಸೇಂಟ್ ಲೂಯಿಸ್ ಹೋಟೆಲಿನಲ್ಲಿ, ನಿಕೋಲ್ಸ್ ಸೇಂಟ್ ಪ್ಯಾಟ್ರಿಕ್ಸ್ ಹಾಲ್‌ನಲ್ಲಿ. ಮುಂದೆ ನಡೆದದ್ದನ್ನು ವಕೀಲನ ತಲೆ ಮತ್ತು ಸೈನಿಕನ ತಲೆ ಎರಡೂ ಸೇರಿ ಮಾಡಿದ ಕೆಲಸ ಎನ್ನಬೇಕು. ಮರುದಿನವೇ ವೈಟ್ ಲೀಗ್ ಪಡೆ ‘ರಾಜ್ಯದ ಮಿಲಿಶಿಯಾ’ (ನಾಗರಿಕರನ್ನು ಸೇರಿಸಿ ಕಟ್ಟಿದ ರಾಜ್ಯದ ಪಡೆ) ಎಂಬ ಹೆಸರಿನಲ್ಲಿ ಪೊಲೀಸ್ ಠಾಣೆಗಳನ್ನು, ಶಸ್ತ್ರಾಗಾರವನ್ನು, ರಾಜ್ಯದ ಸುಪ್ರೀಂ ಕೋರ್ಟ್ (ಅಲ್ಲಿ ರಾಜ್ಯದ ಅತ್ಯುನ್ನತ ಕೋರ್ಟಿನ ಹೆಸರೂ ಇದೇ) ಇದ್ದ ಕಬಿಲ್ಡೊ ಕಟ್ಟಡವನ್ನು ವಶಪಡಿಸಿಕೊಂಡಿತು. ನಿಕೋಲ್ಸ್ ನೇಮಿಸಿದ ನ್ಯಾಯಮೂರ್ತಿಗಳು ಪೀಠದಲ್ಲಿ ಕುಳಿತರು. ಆದರೆ ಪ್ಯಾಕರ್ಡ್ ಇದ್ದ ಕಟ್ಟಡದ ಮೇಲೆ ದಾಳಿ ಮಾಡಲಿಲ್ಲ. ಮಾಡಿದ್ದರೆ ಕೇಂದ್ರ ಸೇನೆ ಗುಂಡು ಹಾರಿಸಬೇಕಾಗುತ್ತಿತ್ತು, 1874ರ ಪಾಠ ಅದು. ಬದಲಿಗೆ ಕಾಯುತ್ತ ಕುಳಿತರು. ತೆರಿಗೆದಾರರು ನಿಕೋಲ್ಸ್ ಸರಕಾರಕ್ಕೆ ತೆರಿಗೆ ಕಟ್ಟಿದರು, ಪ್ಯಾಕರ್ಡ್‌ಗೆ ಯಾರೂ ಕಟ್ಟಲಿಲ್ಲ. ಕೋರ್ಟು, ಪೊಲೀಸು, ಖಜಾನೆ ಮೂರೂ ಕೈಬಿಟ್ಟ ಮೇಲೆ ಪ್ಯಾಕರ್ಡ್ ಬಳಿ ಉಳಿದದ್ದು ಒಂದು ಕಟ್ಟಡ ಮತ್ತು ಅದನ್ನು ಕಾಯುವ ಸೈನಿಕರು.

ಇದೇ ಲೂಸಿಯಾನದ ವಿವಾದಿತ ಮತಗಳು ರಾಷ್ಟ್ರಾಧ್ಯಕ್ಷರ ಚುನಾವಣೆಯನ್ನೂ ನಿರ್ಧರಿಸಿದವು, ರಿಪಬ್ಲಿಕನ್ ಪಕ್ಷದ ರುದರ್‌ಫೋರ್ಡ್ ಹೇಯ್ಸ್ ಅಧ್ಯಕ್ಷರಾದರು. ಅವರನ್ನು ಗೆಲ್ಲಿಸಿದ ಅದೇ ರಿಟರ್ನಿಂಗ್ ಬೋರ್ಡ್ ಪ್ಯಾಕರ್ಡ್ ಅವರನ್ನೂ ಗೆಲ್ಲಿಸಿತ್ತು. ಆದರೂ ಹೇಯ್ಸ್ ದಕ್ಷಿಣದ ರಾಜ್ಯಗಳ ಜೊತೆ ಜಗಳ ಮುಂದುವರಿಸಲು ತಯಾರಿರಲಿಲ್ಲ. ಏಪ್ರಿಲ್‌ನಲ್ಲಿ ಐವರ ಆಯೋಗವೊಂದನ್ನು ನ್ಯೂ ಆರ್ಲಿಯನ್ಸಿಗೆ ಕಳಿಸಿದರು. ಕಪ್ಪು ಜನರ ಹಕ್ಕುಗಳನ್ನು ಕಾಪಾಡುತ್ತೇವೆ, ಎರಡೂ ಜನಾಂಗದ ಮಕ್ಕಳಿಗೆ ಶಿಕ್ಷಣ ಕೊಡುತ್ತೇವೆ ಎಂದು ನಿಕೋಲ್ಸ್ ಕಡೆಯವರು ಮಾತು ಕೊಟ್ಟರು. ಪ್ಯಾಕರ್ಡ್ ಕಡೆಯ ಶಾಸಕರು ಒಬ್ಬೊಬ್ಬರಾಗಿ ಈಚೆಗೆ ಬಂದರು. ಏಪ್ರಿಲ್ 24ರಂದು ಸೈನಿಕರು ಆ ಕಟ್ಟಡದಿಂದ ಬ್ಯಾರಕ್ಕಿಗೆ ಹೊರಟರು. ಪ್ಯಾಕರ್ಡ್ ಅವರಿಗೆ ಲಿವರ್‌ಪೂಲ್‌ನಲ್ಲಿ ಅಮೆರಿಕದ ಕಾನ್ಸಲ್ ಹುದ್ದೆ ಸಿಕ್ಕಿತು. ಯುದ್ಧದ ನಂತರ ಸೋತ ರಾಜ್ಯಗಳನ್ನು ಕೇಂದ್ರದ ಕಾವಲಿನಲ್ಲಿ ಮತ್ತೆ ಕಟ್ಟುತ್ತಿದ್ದ ‘ಪುನರ್ನಿರ್ಮಾಣ’ದ ಕಾಲ ಇಡೀ ದಕ್ಷಿಣದಲ್ಲಿ ಮುಗಿದದ್ದು ಹೀಗೆ.

ಆ ಐವರಲ್ಲಿ ಒಬ್ಬರ ಹೆಸರನ್ನು ನೆನಪಿಟ್ಟುಕೊಳ್ಳಬೇಕು: ಕೆಂಟಕಿಯ ಜಾನ್ ಮಾರ್ಷಲ್ ಹಾರ್ಲನ್. ಇನ್ನೊಂದು ಹೆಸರು ಎಡ್ವರ್ಡ್ ಡಗ್ಲಾಸ್ ವೈಟ್. ನಿಕೋಲ್ಸ್ ಪರ ದುಡಿದ ಯುವ ವಕೀಲ, 1879ರಲ್ಲಿ ನಿಕೋಲ್ಸ್ ಅವರೇ ರಾಜ್ಯದ ಸುಪ್ರೀಂ ಕೋರ್ಟಿಗೆ ನೇಮಿಸಿದವರು. ಇಬ್ಬರೂ ಮುಂದೆ ವಾಷಿಂಗ್ಟನ್ನಿನಲ್ಲಿ ಎದುರಾಗುತ್ತಾರೆ.

ಮೊದಲ ಅವಧಿಯಲ್ಲಿ ನಿಕೋಲ್ಸ್ ಕೆಲವು ಕಪ್ಪು ವರ್ಣೀಯರಿಗೆ ಹುದ್ದೆ ಕೊಟ್ಟರು. ಮೊದಲು ಹಂಗಾಮಿ ಗವರ್ನರ್ ಆಗಿದ್ದ ಪಿಂಚ್‌ಬ್ಯಾಕ್ ಅವರನ್ನು ಶಿಕ್ಷಣ ಮಂಡಳಿಗೆ ಸೇರಿಸಿಕೊಂಡರು. ಅದೇ 1877ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಬಿಳಿಯ, ಕಪ್ಪು ಮಕ್ಕಳು ಜೊತೆಯಲ್ಲಿ ಓದುತ್ತಿದ್ದ ಶಾಲೆಗಳನ್ನು ಬೇರೆ ಬೇರೆ ಮಾಡಲಾಯಿತು.

ಈಗ ಲಾಟರಿ. ಲೂಸಿಯಾನ ಸ್ಟೇಟ್ ಲಾಟರಿ ಕಂಪನಿಗೆ 1868ರಲ್ಲಿ 25 ವರ್ಷದ ಪರವಾನಗಿ ಸಿಕ್ಕಿತ್ತು. ರಾಜ್ಯಕ್ಕೆ ಅದು ಕಟ್ಟಬೇಕಾದದ್ದು ವರ್ಷಕ್ಕೆ ಬರೇ 40,000 ಡಾಲರ್. ಟಿಕೆಟ್‌ಗಳು ಅಂಚೆಯಲ್ಲಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು, ವರಮಾನದ ಬಹುಪಾಲು ಬರುತ್ತಿದ್ದದ್ದು ಹೊರರಾಜ್ಯಗಳಿಂದಲೇ. ಜನರ ನಂಬಿಕೆ ಗಳಿಸಲು ಕಂಪನಿ ಯುದ್ಧದ ಇಬ್ಬರು ಹೆಸರಾಂತ ಸೇನಾನಿಗಳಾದ ಬೋರೆಗಾರ್ಡ್ ಮತ್ತು ಜುಬಲ್ ಅರ್ಲಿಯವರಿಗೆ ಸಂಬಳ ಕೊಟ್ಟು ಕೂರಿಸಿತ್ತು. ಒಂದು ಚಕ್ರದಲ್ಲಿ ಟಿಕೆಟ್ ಸಂಖ್ಯೆಗಳು, ಇನ್ನೊಂದರಲ್ಲಿ ಬಹುಮಾನದ ಮೊತ್ತಗಳು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗರು ಎರಡರಿಂದಲೂ ಒಂದೊಂದು ಚೀಟಿ ಎತ್ತುವಾಗ ಈ ಮುದಿ ಜನರಲ್‌ಗಳು ಪಕ್ಕದಲ್ಲಿ ಇರುತ್ತಿದ್ದರು. ಡ್ರಾ ನ್ಯಾಯವಾಗಿಯೇ ನಡೆಯುತ್ತಿತ್ತು. ಮೋಸ ಇದ್ದದ್ದು ಬೇರೆ ಕಡೆ: ಆ ಹಣದಿಂದ ಶಾಸಕರನ್ನೂ ಪತ್ರಿಕೆಗಳನ್ನೂ ಕೊಳ್ಳುತ್ತಿದ್ದರು.

1879ರಲ್ಲಿ ಶಾಸನಸಭೆ ಪರವಾನಗಿ ರದ್ದು ಮಾಡಿತು, ನಿಕೋಲ್ಸ್ ಸಹಿ ಹಾಕಿದರು. ಆದರೆ ಅದೇ ವರ್ಷ ಬರೆದ ಹೊಸ ರಾಜ್ಯ ಸಂವಿಧಾನ ಲಾಟರಿಗೆ ಮತ್ತೆ ಜೀವ ಕೊಟ್ಟಿತು. ಅಷ್ಟೇ ಅಲ್ಲ, ನಿಕೋಲ್ಸ್ ಅವರ ಅವಧಿಯಲ್ಲೂ ಒಂದು ವರ್ಷ ಕತ್ತರಿಸಿತು. 1880ರ ಜನವರಿಯಲ್ಲಿ ಅವರು ವಕೀಲಿಕೆಗೆ ಮರಳಿದರು. 1888ರಲ್ಲಿ ಮತ್ತೆ ಗವರ್ನರ್ ಆದಾಗ ಹಳೆಯ ಪರವಾನಗಿ ಮುಗಿಯುವ ಹೊತ್ತು ಹತ್ತಿರವಾಗಿತ್ತು. ಕಂಪನಿಯ ಜಾನ್ ಮಾರಿಸ್ ಮೊದಲು ವರ್ಷಕ್ಕೆ 5 ಲಕ್ಷ ಡಾಲರ್ ಎಂದರು, ಆಮೇಲೆ 10 ಲಕ್ಷ, ಕೊನೆಗೆ 12.5 ಲಕ್ಷ. ಪ್ರವಾಹ ತಡೆಯುವ ನದಿಯ ಒಡ್ಡುಗಳಿಗೆ, ಶಾಲೆಗಳಿಗೆ, ಆಸ್ಪತ್ರೆಗಳಿಗೆ ದುಡ್ಡಿಲ್ಲದೆ ಒದ್ದಾಡುತ್ತಿದ್ದ ರಾಜ್ಯಕ್ಕೆ ಇದು ಸಣ್ಣ ಆಸೆಯಲ್ಲ.

ಶಾಸನಸಭೆ ಇದನ್ನು ರಾಜ್ಯ ಸಂವಿಧಾನದ ತಿದ್ದುಪಡಿಯ ರೂಪದಲ್ಲಿ ಒಪ್ಪಿತು. ನಿಕೋಲ್ಸ್ ವೀಟೊ ಮಾಡಿದರು. ರಾಜ್ಯದ ಮಾನಕ್ಕಾಗಿ ಒಂದು ಕೈ ಕಳೆದುಕೊಂಡವನು ಉಳಿದ ಕೈಯಿಂದ ಅದನ್ನು ಕೆಡಿಸಲಾರೆ ಎಂಬ ಅರ್ಥದ ಅವರ ಮಾತು ದೇಶವೆಲ್ಲ ಹಬ್ಬಿತು. ಕೆಳಮನೆ ವೀಟೊವನ್ನು ತಳ್ಳಿಹಾಕಿತು. ಮೇಲ್ಮನೆಯಲ್ಲಿ ಅಷ್ಟು ಮತ ಕೂಡಿಬರಲಿಲ್ಲ. ಆಗ ಲಾಟರಿ ಪಕ್ಷದವರು ಹೊಸ ವಾದ ತೆಗೆದರು: ಸಂವಿಧಾನ ತಿದ್ದುಪಡಿಗೆ ಎರಡೂ ಸದನಗಳ ಮೂರನೇ ಎರಡರ ಬಹುಮತ ಮತ್ತು ಜನರ ಮತ ಸಾಕು, ಗವರ್ನರ್ ಸಹಿಯೇ ಬೇಡ, ಸಹಿ ಬೇಡವಾದಲ್ಲಿ ವೀಟೊ ಎಲ್ಲಿಂದ ಬಂತು? ರಾಜ್ಯದ ಸುಪ್ರೀಂ ಕೋರ್ಟು 3–2 ಮತದಿಂದ ಈ ವಾದವನ್ನು ಒಪ್ಪಿತು. ಕಾನೂನಿನ ದೃಷ್ಟಿಯಲ್ಲಿ ಇದು ಗಟ್ಟಿಯಾದ ವಾದವೇ. ನಿಕೋಲ್ಸ್ ಇಲ್ಲಿ ಸೋತರು. ಲಾಟರಿಯನ್ನು ಮುಗಿಸಿದ್ದು 1890ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಸತ್ತು ಮಾಡಿದ ಕಾಯ್ದೆ. ಲಾಟರಿ ಟಿಕೆಟ್, ಜಾಹೀರಾತು ಯಾವುದನ್ನೂ ಅಂಚೆಯಲ್ಲಿ ಕಳಿಸುವಂತಿಲ್ಲ ಎಂದು ಅದು ಹೇಳಿತು. ಅಂಚೆಯನ್ನೇ ನಂಬಿದ್ದ ವ್ಯಾಪಾರದ ಬೇರು ಕಡಿದಂತಾಯಿತು. 1892ರಲ್ಲಿ ಮತದಾರರೂ ತಿದ್ದುಪಡಿಯನ್ನು ತಿರಸ್ಕರಿಸಿದರು. ಕಂಪನಿ ಹೊಂಡುರಾಸ್‌ಗೆ ಗುಳೆ ಹೋಯಿತು.

ಅದೇ ಅಧಿವೇಶನದ ಇನ್ನೊಂದು ಕೂಸು 1890ರ 111ನೇ ಕಾಯ್ದೆ, ಅಂದರೆ ಪ್ರತ್ಯೇಕ ಬೋಗಿ ಕಾಯ್ದೆ. ಪ್ರತಿ ರೈಲಿನಲ್ಲೂ ಎರಡು ಜನಾಂಗಗಳಿಗೆ ‘ಸಮಾನ ಆದರೆ ಪ್ರತ್ಯೇಕ’ ಬೋಗಿ ಇರಬೇಕು, ಇಲ್ಲವೇ ಒಂದೇ ಬೋಗಿಯ ನಡುವೆ ಗೋಡೆ ಹಾಕಬೇಕು. ಯಾರು ಎಲ್ಲಿ ಕೂರಬೇಕೆಂದು ಹೇಳುವವರು ರೈಲಿನ ಸಿಬ್ಬಂದಿ. ಹೇಳಿದ ಜಾಗಕ್ಕೆ ಹೋಗದ ಪ್ರಯಾಣಿಕರಿಗೆ 25 ಡಾಲರ್ ದಂಡ ಅಥವಾ 20 ದಿನದವರೆಗೆ ಜೈಲು. ನಗರದೊಳಗಿನ ಟ್ರಾಮ್‌ಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಬೇರೆ ಜನಾಂಗದ ಮಗುವನ್ನು ನೋಡಿಕೊಳ್ಳುವ ದಾದಿಯರಿಗೂ ವಿನಾಯಿತಿ ಇತ್ತು. ಈ ಕೊನೆಯ ವಿನಾಯಿತಿಯಲ್ಲಿ ಕಾಯ್ದೆಯ ಒಳಗುಟ್ಟು ಬಯಲಾಗುತ್ತದೆ. ಕಪ್ಪು ಹೆಂಗಸು ಬಿಳಿಯರ ಮಗುವನ್ನು ಎತ್ತಿಕೊಂಡು ಕೆಲಸದವಳಾಗಿ ಬಂದರೆ ಪಕ್ಕದಲ್ಲಿ ಕೂರಬಹುದು, ಟಿಕೆಟ್ ಕೊಂಡ ಪ್ರಯಾಣಿಕಳಾಗಿ ಬಂದರೆ ಕೂರುವಂತಿಲ್ಲ.

ನ್ಯೂ ಆರ್ಲಿಯನ್ಸಿನ ಕಪ್ಪು ಮತ್ತು ಮಿಶ್ರ ಜನಾಂಗದ ವಿದ್ಯಾವಂತರು 1891ರ ಸೆಪ್ಟೆಂಬರಿನಲ್ಲಿ ನಾಗರಿಕರ ಸಮಿತಿ ಕಟ್ಟಿ, ಚಂದಾ ಎತ್ತಿ, ಕಾಯ್ದೆಯನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಹೊರಟರು. ನ್ಯೂಯಾರ್ಕಿನ ವಕೀಲ ಆಲ್ಬಿಯನ್ ಟೂರ್ಜೆ ಸಮಿತಿಯಿಂದ ಹಣ ತೆಗೆದುಕೊಳ್ಳದೆ ಜೊತೆಗೂಡಿದರು. ಅವರ ತಯಾರಿ ಕಾನೂನು ಓದುವವರೆಲ್ಲ ಗಮನಿಸಬೇಕಾದದ್ದು. ಮೊದಲು 1892ರ ಫೆಬ್ರುವರಿಯಲ್ಲಿ ಡೇನಿಯಲ್ ಡೆಸ್ಡೂನ್ ಎಂಬ ಯುವಕ ಅಲಬಾಮಾಕ್ಕೆ ಟಿಕೆಟ್ ತೆಗೆದುಕೊಂಡು ಬಿಳಿಯರ ಬೋಗಿಯಲ್ಲಿ ಕೂತು ಬಂಧನಕ್ಕೊಳಗಾದ. ಆದರೆ ಅಂತರರಾಜ್ಯ ಪ್ರಯಾಣ ಕೇಂದ್ರದ ಅಧಿಕಾರಕ್ಕೆ ಸೇರಿದ್ದು, ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಹೇಳಿದ್ದರಿಂದ ಡೆಸ್ಡೂನ್ ಮೇಲಿನ ಆರೋಪ ಬಿತ್ತು. ಗೆದ್ದರೂ ಉಪಯೋಗವಿಲ್ಲ, ಸಮಾನತೆಯ ಪ್ರಶ್ನೆ ಹಾಗೇ ಉಳಿಯಿತು.

ಹಾಗಾಗಿ ಎರಡನೆಯ ಸಲ ರಾಜ್ಯದೊಳಗೇ ಮುಗಿಯುವ ದಾರಿ ಆರಿಸಿದರು. ಜೂನ್ 7ರಂದು ಹೋಮರ್ ಪ್ಲೆಸಿ ಎಂಬ ಚಪ್ಪಲಿ ಹೊಲಿಯುವ ಕುಶಲಕರ್ಮಿ ನ್ಯೂ ಆರ್ಲಿಯನ್ಸಿನಿಂದ ಕವಿಂಗ್ಟನ್‌ಗೆ ಮೊದಲ ದರ್ಜೆಯ ಟಿಕೆಟ್ ಕೊಂಡರು. ಎಂಟು ಮುತ್ತಜ್ಜ ಮುತ್ತಜ್ಜಿಯರಲ್ಲಿ ಒಬ್ಬರಷ್ಟೇ ಕಪ್ಪು ವರ್ಣೀಯರಾದ್ದರಿಂದ ನೋಡಲು ಬಿಳಿಯರಂತೆಯೇ ಇದ್ದರು. ಬಂಧಿಸಲು ಖಾಸಗಿ ಪತ್ತೇದಾರನನ್ನು ಸಮಿತಿಯೇ ಗೊತ್ತು ಮಾಡಿತ್ತು. ಯಾಕೆಂದರೆ ಸಾಮಾನ್ಯ ಪೊಲೀಸ್ ಬಂದು ‘ಶಾಂತಿಭಂಗ’ ಎಂದು ಕೇಸು ಹಾಕಿಬಿಟ್ಟರೆ ಕಾಯ್ದೆಯನ್ನು ಪ್ರಶ್ನಿಸುವ ಅವಕಾಶವೇ ತಪ್ಪುತ್ತಿತ್ತು. ಜಿಲ್ಲಾ ನ್ಯಾಯಾಧೀಶ ಜಾನ್ ಫರ್ಗುಸನ್ ಕಾಯ್ದೆ ಸರಿ ಎಂದರು. ವಿಚಾರಣೆಯನ್ನೇ ತಡೆಯಬೇಕೆಂದು ಆ ನ್ಯಾಯಾಧೀಶರ ವಿರುದ್ಧ ಅರ್ಜಿ ಹಾಕಿದ್ದರಿಂದ ಈ ಪ್ರಕರಣ ಇಂದಿಗೂ ‘ಪ್ಲೆಸಿ ವಿರುದ್ಧ ಫರ್ಗುಸನ್’.

ಆ ಅರ್ಜಿ ಹೋದದ್ದು ರಾಜ್ಯದ ಸುಪ್ರೀಂ ಕೋರ್ಟಿಗೆ. 1892ರಲ್ಲಿ ಗವರ್ನರ್ ಹುದ್ದೆಯಿಂದ ಇಳಿದ ನಿಕೋಲ್ಸ್ ಅಷ್ಟರಲ್ಲಿ ಅದರ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ತಾವೇ ಸಹಿ ಹಾಕಿದ ಕಾಯ್ದೆಯ ಸಿಂಧುತ್ವ ತೀರ್ಮಾನಿಸುವ ಪೀಠದ ಮುಖ್ಯಸ್ಥರು ತಾವೇ. ಇಂದಾದರೆ ಇಂಥವರು ಹಿಂದೆ ಸರಿಯಬೇಕು ಎನ್ನುತ್ತೇವೆ. ತೀರ್ಪು ಬರೆದವರು ನ್ಯಾಯಮೂರ್ತಿ ಫೆನ್ನರ್: ಕಾಯ್ದೆ ಎರಡೂ ಜನಾಂಗಕ್ಕೆ ಒಂದೇ ರೀತಿ ಅನ್ವಯಿಸುತ್ತದೆ, ಆದ್ದರಿಂದ ತಾರತಮ್ಯವಿಲ್ಲ. ವಾಷಿಂಗ್ಟನ್ನಿಗೆ ಮೇಲ್ಮನವಿ ಹೋಗಲು ಬೇಕಾದ ಆದೇಶವನ್ನು 1893ರ ಜನವರಿಯಲ್ಲಿ ನಿಕೋಲ್ಸ್ ಅವರೇ ಕೊಟ್ಟರು.

1896ರ ಮೇ 18ರಂದು ಅಮೆರಿಕದ ಸುಪ್ರೀಂ ಕೋರ್ಟು 7–1 ಮತದಿಂದ ಕಾಯ್ದೆಯನ್ನು ಎತ್ತಿಹಿಡಿಯಿತು. ಬಹುಮತದಲ್ಲಿ ಎಡ್ವರ್ಡ್ ವೈಟ್ ಇದ್ದರು. ಒಬ್ಬಂಟಿಯಾಗಿ ವಿರೋಧಿಸಿದವರು ಜಾನ್ ಹಾರ್ಲನ್. 1877ರಲ್ಲಿ ನಿಕೋಲ್ಸ್ ಕಡೆಯವರ ಭರವಸೆಗಳನ್ನು ನ್ಯೂ ಆರ್ಲಿಯನ್ಸಿನಲ್ಲೇ ಇದ್ದು ಕೇಳಿಸಿಕೊಂಡವರು ಅವರು. ನಮ್ಮ ಸಂವಿಧಾನ ಬಣ್ಣ ನೋಡುವುದಿಲ್ಲ ಎಂದು ಭಿನ್ನ ತೀರ್ಪಿನಲ್ಲಿ ಬರೆದರು. ಪ್ಲೆಸಿ 1897ರ ಜನವರಿಯಲ್ಲಿ ತಪ್ಪೊಪ್ಪಿಕೊಂಡು 25 ಡಾಲರ್ ದಂಡ ಕಟ್ಟಿದರು.

ನಿಕೋಲ್ಸ್ ಅವರ ಎರಡನೆಯ ಅವಧಿಯನ್ನು ಹೊಗಳುವವರು ಮರೆಯುವ ಇನ್ನೊಂದು ಘಟನೆ ಇದೆ. 1891ರ ಮಾರ್ಚ್ 14ರಂದು ನ್ಯೂ ಆರ್ಲಿಯನ್ಸಿನಲ್ಲಿ ಜನರ ಗುಂಪು ಜೈಲಿಗೆ ನುಗ್ಗಿ 11 ಇಟಾಲಿಯನ್ನರನ್ನು ಕೊಂದಿತು. ಪೊಲೀಸ್ ಮುಖ್ಯಸ್ಥ ಹೆನೆಸಿಯ ಕೊಲೆಯ ಆರೋಪದಲ್ಲಿ ಅವರು ಒಳಗಿದ್ದರು, ಕೆಲವರು ಹಿಂದಿನ ದಿನವಷ್ಟೇ ಖುಲಾಸೆಯಾಗಿದ್ದರು. ಗವರ್ನರ್ ನಗರದಲ್ಲೇ ಇದ್ದರು, ಮಿಲಿಶಿಯಾ ಹೊರಡಲಿಲ್ಲ. ಕೊಂದವರ ಮೇಲೆ ಮೊಕದ್ದಮೆಯೂ ಆಗಲಿಲ್ಲ. ಕೊನೆಗೆ ಕೇಂದ್ರ ಸರಕಾರ ಇಟಲಿಗೆ ಸುಮಾರು 25,000 ಡಾಲರ್ ಪರಿಹಾರ ಕೊಟ್ಟಿತು.

1898ರ ಹೊಸ ರಾಜ್ಯ ಸಂವಿಧಾನದೊಂದಿಗೆ 1877ರ ಭರವಸೆಗಳಲ್ಲಿ ಉಳಿದದ್ದೂ ಹೋಯಿತು. ಮತ ಹಾಕಲು ಓದುಬರಹ ಗೊತ್ತಿರಬೇಕು ಅಥವಾ 300 ಡಾಲರ್ ಬೆಲೆಯ ಆಸ್ತಿ ಇರಬೇಕು. ಆದರೆ 1867ರ ಜನವರಿ 1ಕ್ಕೆ ಮತದ ಹಕ್ಕಿದ್ದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಈ ಷರತ್ತಿಲ್ಲ. ಆ ದಿನಾಂಕದಂದು ಲೂಸಿಯಾನದ ಕಪ್ಪು ಜನರಿಗೆ ಮತದ ಹಕ್ಕೇ ಇರಲಿಲ್ಲ, ದಿನಾಂಕ ಆರಿಸಿದ್ದೇ ಅದಕ್ಕಾಗಿ. 1896ರಲ್ಲಿ ರಾಜ್ಯದ ಪಟ್ಟಿಯಲ್ಲಿ ಸುಮಾರು 1,30,000 ಕಪ್ಪು ಮತದಾರರಿದ್ದರು. 1904ರಲ್ಲಿ 1,342.

ನಿಕೋಲ್ಸ್ 1904ರವರೆಗೆ ಮುಖ್ಯ ನ್ಯಾಯಮೂರ್ತಿಯಾಗಿ, ಆಮೇಲೆ 1911ರವರೆಗೆ ಅದೇ ಕೋರ್ಟಿನ ನ್ಯಾಯಮೂರ್ತಿಯಾಗಿದ್ದು, 1912ರ ಜನವರಿ 4ರಂದು ತಿಬಡೊ ಊರಿನ ಹತ್ತಿರ ತೀರಿಕೊಂಡರು. ಆ ಊರಿನ ವಿಶ್ವವಿದ್ಯಾಲಯಕ್ಕೆ ಈಗಲೂ ಅವರದೇ ಹೆಸರು. ನ್ಯೂ ಆರ್ಲಿಯನ್ಸಿನಲ್ಲಿ ಅವರ ಹೆಸರಿದ್ದ ಹೈಸ್ಕೂಲಿಗೆ ಆಮೇಲೆ ಗುಲಾಮಗಿರಿ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಹೆಸರಿಟ್ಟರು. ಪ್ರತ್ಯೇಕತೆಯ ಕಾಯ್ದೆಗಳ ಅಡಿಯಲ್ಲಿ ಶಿಕ್ಷೆಯಾದವರನ್ನು ಕ್ಷಮಿಸಲು ಲೂಸಿಯಾನ 2006ರಲ್ಲಿ ಕಾಯ್ದೆ ಮಾಡಿತು. ಅದರಂತೆ 2022ರ ಜನವರಿ 5ರಂದು ಗವರ್ನರ್ ಜಾನ್ ಬೆಲ್ ಎಡ್ವರ್ಡ್ಸ್ ಹೋಮರ್ ಪ್ಲೆಸಿಯವರ ಕ್ಷಮಾದಾನಕ್ಕೆ ಸಹಿ ಹಾಕಿದರು.